ತ್ರಿಯೆಸ್ತೆಯಲ್ಲಿ ಸಿಕ್ಕ ನಮ್ಮೂರಿನ ಎಳೆ: ಇದು ಕಾಕತಾಳೀಯವೇ, ಋಣಾನುಬಂಧವೇ?

ಪ್ರಶ್ನೆ: ಕೊಡಗಿನ ಚೇರಂಬಾಣೆಯ ಕಾಫಿ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಕೊಯ್ಲು ಮುಗಿದು, ಹೂಮಳೆಯೂ ಸಕಾಲಕ್ಕೆ ಬಿದ್ದು, ತೋಟದ ಕೆಲಸ ಸ್ವಲ್ಪ ಹಗುರಾದ ಮೇಲೆ ನಾನೂ ನನ್ನ ಹೆಂಡತಿಯೂ ಇಟಲಿಗೆ ಹೋಗಿದ್ದೆವು. ರೋಮ್ ಮತ್ತು ವೆನಿಸ್ ಎಲ್ಲರೂ ನೋಡುವ ಊರುಗಳು. ನಾನು ಹಟ ಹಿಡಿದು ತ್ರಿಯೆಸ್ತೆಯನ್ನೂ ಸೇರಿಸಿಕೊಂಡಿದ್ದೆ. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಆ ಇಟಲಿಯ ಹಳೆಯ ಕಾಫಿ ಬಂದರು ತ್ರಿಯೆಸ್ತೆ. 1719ರಷ್ಟು ಹಿಂದೆಯೇ ಸುಂಕವಿಲ್ಲದ ಬಂದರೆಂದು ಘೋಷಿತವಾದ ಊರು. ನಮ್ಮ ಕಣದಲ್ಲಿ ಒಣಗಿ, ಚೀಲ ಸೇರಿ, ಸಿಪ್ಪೆ ಬಿಡಿಸಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ರೋಬಸ್ಟಾ ಕಾಫಿ ಮುಂದೆ ಯಾವ ಜನರ ಲೋಟಕ್ಕೆ ಇಳಿಯುತ್ತದೆ ಎಂಬುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಹುಡುಗನಾಗಿದ್ದಾಗಿನಿಂದಲೂ ಇತ್ತು.

ಆ ಊರಿನಲ್ಲಿ ಕಾಫಿಗೆ ಅವರದೇ ಹೆಸರುಗಳಿವೆ. ಎಸ್ಪ್ರೆಸೊ ಬೇಕಾದವರು ‘ನೇರೊ’ ಎನ್ನಬೇಕು. ಅದರ ಮೇಲೆ ಸ್ವಲ್ಪ ಹಾಲು ಬೇಕಾದರೆ ‘ಕಾಪೊ’. ಅದನ್ನೇ ಗಾಜಿನ ಲೋಟದಲ್ಲಿ ಕುಡಿಯಬೇಕಾದರೆ ‘ಕಾಪೊ ಇನ್ ಬಿ’. ಇದು ಯಾವುದೂ ತಿಳಿಯದೆ ನಾವಿಬ್ಬರೂ ಕೌಂಟರಿನ ಮುಂದೆ ಗೊಂದಲದಲ್ಲಿ ನಿಂತಿದ್ದಾಗ ನನ್ನ ಹೆಂಡತಿ, “ಇದೆಲ್ಲ ಬೇಡ, ಒಂದು ಲೋಟ ಬೆಲ್ಲದ ಕಾಫಿ ಸಿಕ್ಕಿದ್ದರೆ ಸಾಕಾಗಿತ್ತು” ಎಂದಳು. ನಮ್ಮ ಹಿಂದೆ ನಿಂತಿದ್ದ ಮಹಿಳೆಯೊಬ್ಬರು ಅಚ್ಚ ಕನ್ನಡದಲ್ಲಿ, “ಬೆಲ್ಲದ ಕಾಫಿ ಕೇಳುವವರು ಕೊಡಗಿನ ಕಡೆಯವರೇ ಇರಬೇಕು” ಎಂದರು.

ಅವರು ಭೌತಶಾಸ್ತ್ರದ ಸಂಶೋಧಕರು. ಅಬ್ದುಸ್ ಸಲಾಂ ಅವರು 1964ರಲ್ಲಿ ಅಲ್ಲಿ ಸ್ಥಾಪಿಸಿದ ಸೈದ್ಧಾಂತಿಕ ಭೌತಶಾಸ್ತ್ರದ ಅಂತರರಾಷ್ಟ್ರೀಯ ಕೇಂದ್ರಕ್ಕೆ ಮೂರು ವಾರಗಳ ಮಟ್ಟಿಗೆ ಬಂದಿದ್ದರು. ನಾನು ನಮ್ಮವರೆಲ್ಲ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದೆ: “ಯಾವ ಮನೆಯವರು?” ಅವರು ಒಂದು ಕ್ಷಣ ಸುಮ್ಮನಿದ್ದು, ತಮ್ಮ ತಂದೆ ಚೇರಂಬಾಣೆಯ ಬಳಿಯ ತೋಟವೊಂದರಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಮತ್ತು ಕೊಯ್ದ ಹಣ್ಣಿನ ತೂಕ ಬರೆಯುವ ಕೆಲಸ ಅವರದಾಗಿತ್ತು ಎಂದರು. ಆ ತೋಟದ ಹೆಸರು ಕೇಳಿ ನನಗೆ ಮೈ ಜುಮ್ಮೆಂದಿತು, ಏಕೆಂದರೆ ನಮ್ಮ ತೋಟಕ್ಕೂ ಅದಕ್ಕೂ ನಡುವೆ ಇರುವುದು ಒಂದು ತೋಡು (ಸಣ್ಣ ಹಳ್ಳ) ಮಾತ್ರ.

ಇನ್ನು ಹೇಳಬೇಕಾದದ್ದು ಮುಖ್ಯವಾದ ಮಾತು. 1992ರ ಜುಲೈ ತಿಂಗಳಿನ ಒಂದು ರಾತ್ರಿ, ಬಿರುಮಳೆಯ ನಡುವೆ, ನನ್ನ ತಾಯಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ನಮ್ಮಲ್ಲಿ ವಾಹನವಿರಲಿಲ್ಲ. ಪಕ್ಕದ ತೋಟದ ಜೀಪು ಬಂದು ತಾಯಿಯನ್ನು ಮಡಿಕೇರಿಗೆ ಕರೆದೊಯ್ದಿತು. ದಾರಿಯಲ್ಲಿ ಮರ ಬಿದ್ದಿದ್ದರಿಂದ ಯಾರೋ ಒಬ್ಬರು ಮಳೆಯಲ್ಲಿ ಇಳಿದು, ಟಾರ್ಚು ಹಿಡಿದು, ಗರಗಸದಿಂದ ಮರ ಕೊಯ್ದು ದಾರಿ ಮಾಡಿಕೊಟ್ಟರು. ನನ್ನ ತಂಗಿ ಬೆಳಗಿನ ಜಾವ ಹುಟ್ಟಿದಳು. ಆ ಮನುಷ್ಯರು ಯಾರೆಂದು ನನ್ನ ತಾಯಿ ಆಮೇಲೆ ವಿಚಾರಿಸುವಷ್ಟರಲ್ಲಿ ಅವರು ಬೇರೆ ತೋಟಕ್ಕೆ ಹೋಗಿಯಾಗಿತ್ತು. “ಅವರಿಗೊಂದು ಮಾತು ಹೇಳಲಿಕ್ಕೆ ಆಗಲಿಲ್ಲವಲ್ಲ” ಎಂದು ಅಮ್ಮ ಈಗಲೂ ಮಳೆಗಾಲದಲ್ಲಿ ಹೇಳುವುದುಂಟು. ತ್ರಿಯೆಸ್ತೆಯ ಆ ಅಂಗಡಿಯಲ್ಲಿ, ನಾನು ಏನನ್ನೂ ಹೇಳುವ ಮೊದಲೇ, ಆ ಮಹಿಳೆ ಹೇಳಿದರು: “ನಮ್ಮ ಅಪ್ಪ ಒಂದು ರಾತ್ರಿ ಬಸುರಿ ಹೆಂಗಸೊಬ್ಬರನ್ನು ಮಡಿಕೇರಿಗೆ ಕರೆದುಕೊಂಡು ಹೋದ ಕತೆ ಹೇಳುತ್ತಿದ್ದರು. ಆ ಮಗು ಗಂಡೋ ಹೆಣ್ಣೋ ಎಂಬುದು ಅವರಿಗೆ ತಿಳಿಯಲೇ ಇಲ್ಲ.”

ಒಂದೇ ಕತೆಯ ಎರಡು ಅರ್ಧಗಳು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇರೆ ಬೇರೆ ಮನೆಗಳಲ್ಲಿದ್ದು, ಸಾವಿರಾರು ಮೈಲು ದೂರದ ಕಾಫಿ ಅಂಗಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡವು. ನನ್ನ ಹೆಂಡತಿ ಇದನ್ನು ಋಣಾನುಬಂಧ ಎನ್ನುತ್ತಾಳೆ. ಮಗ ಕಾಕತಾಳೀಯ ಎನ್ನುತ್ತಾನೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು, ಅಷ್ಟೇ ಎಂಬುದು ಅವನ ವಾದ. ನಿಮ್ಮಲ್ಲಿ ಯಾರಿಗಾದರೂ ಪರದೇಶದಲ್ಲಿ ಇಂತಹ ಅನುಭವ ಆಗಿದೆಯೇ? ಇಂತಹದು ನಾವು ತಿಳಿದುಕೊಂಡಷ್ಟು ಅಪರೂಪವೇ? ಬಲ್ಲವರು ದಯವಿಟ್ಟು ಬರೆಯಬೇಕು.

ಉತ್ತರ: ಕುಶಾಲನಗರದ ದಾದಿ, ಈಗ ಟೊರಾಂಟೊ

ಅಣ್ಣ, ತಮ್ಮ ಬರಹ ಓದಿ ರಾತ್ರಿ ಪಾಳಿಯ ನಡುವೆಯೇ ಕಣ್ಣು ತುಂಬಿ ಬಂತು. ನನ್ನ ಅನುಭವ ಇಷ್ಟು ದೊಡ್ಡದಲ್ಲವಾದರೂ ಹೇಳುತ್ತೇನೆ.

ಟೊರಾಂಟೊ ನಗರದ ಪಾರ್ಕ್‌ಡೇಲ್ ಎಂಬ ಭಾಗದಲ್ಲಿ ಟಿಬೆಟನ್ ಜನರು ಬಹಳ ಮಂದಿ ಇದ್ದಾರೆ. ಸಾಲಾಗಿ ಮೊಮೊ ಅಂಗಡಿಗಳಿವೆ. ಬಂದ ಹೊಸದರಲ್ಲಿ, ಚಳಿಗೆ ಮೈ ಒಗ್ಗದೆ ಇದ್ದ ದಿನಗಳಲ್ಲಿ, ಅಂತಹ ಒಂದು ಅಂಗಡಿಯಲ್ಲಿ ಕುಳಿತು ಅಮ್ಮನ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದೆ. ಇಲ್ಲಿ ಸೊಪ್ಪಿಗೆ ಎಷ್ಟು ಬೆಲೆ ಎಂದು ದೂರುತ್ತಿದ್ದೆನೆಂದು ನೆನಪು. ತಟ್ಟೆ ತಂದಿಟ್ಟ ಐವತ್ತು ದಾಟಿದ ಟಿಬೆಟನ್ ಹೆಂಗಸು ಅಲ್ಲಿಯೇ ನಿಂತುಕೊಂಡು, ನಾನು ಫೋನು ಇಡುವವರೆಗೆ ಕಾದು, “ಕುಶಾಲನಗರ ಸಂತೆಯಲ್ಲಿ ಈಗ ಹರಿವೆ ಸೊಪ್ಪು ಕಟ್ಟಿಗೆ ಎಷ್ಟು?” ಎಂದು ಕನ್ನಡದಲ್ಲಿ ಕೇಳಿದರು. ನಾನು ಊರಿನ ಹೆಸರನ್ನೇ ಎತ್ತಿರಲಿಲ್ಲ. ನನ್ನ ಮಾತಿನ ಧಾಟಿಯಿಂದ ಗುರುತಿಸಿದೆನೆಂದು ಅವರು ಹೇಳಿದರು.

ಅವರು ಬೈಲುಕುಪ್ಪೆಯಲ್ಲಿ ಹುಟ್ಟಿ ಬೆಳೆದವರು. 1960ರ ದಶಕದ ಆರಂಭದಲ್ಲಿ ಅಲ್ಲಿ ಟಿಬೆಟನ್ ನೆಲೆ ಆರಂಭವಾದಾಗ ಅವರ ತಂದೆ ಕಾಡು ಕಡಿದು ಜೋಳ ಬಿತ್ತಿದವರಲ್ಲಿ ಒಬ್ಬರಂತೆ. ಕುಶಾಲನಗರ ಕೊಡಗಿಗೂ ಬೈಲುಕುಪ್ಪೆ ಮೈಸೂರು ಜಿಲ್ಲೆಗೂ ಸೇರಿದ್ದು, ನಡುವೆ ಕಾವೇರಿಯ ಸೇತುವೆ ಇದೆ ಎಂಬುದು ಕಾಗದದ ಮೇಲಿನ ಮಾತು. ಎರಡೂ ಕಡೆಯವರಿಗೆ ಸಂತೆ ಒಂದೇ. ನನ್ನ ಅಜ್ಜಿ ಆ ಸಂತೆಯಲ್ಲಿ ಬಟ್ಟೆಯ ಅಂಗಡಿ ಹಾಕುತ್ತಿದ್ದರು ಎಂದು ನಾನು ಹೇಳಿದಾಗ ಅವರು ಅಜ್ಜಿಯ ಮೂಗುಬೊಟ್ಟನ್ನೂ, ಬೆರಳು ಚಾಚಿ ಮೊಳ ಹಾಕುತ್ತಿದ್ದ ರೀತಿಯನ್ನೂ ಮಾಡಿ ತೋರಿಸಿದರು. ಅಜ್ಜಿ ತೀರಿಕೊಂಡು ಆಗ ಹನ್ನೊಂದು ವರ್ಷಗಳಾಗಿದ್ದವು. ನಮ್ಮ ಮನೆಯವರ ಹೊರತು ಬೇರೆ ಯಾರಿಗಾದರೂ ಅಜ್ಜಿಯ ಕೈ ನೆನಪಿರಬಹುದೆಂದು ನಾನು ಎಂದೂ ಯೋಚಿಸಿರಲಿಲ್ಲ.

ಅದು ಕಾಕತಾಳೀಯವೋ ಅಲ್ಲವೋ ನನಗೆ ತಿಳಿಯದು. ಪ್ರತಿ ಭಾನುವಾರ ಪಾಳಿ ಇಲ್ಲದಿದ್ದರೆ ಅಲ್ಲಿಗೆ ಹೋಗುತ್ತೇನೆ.

ಉತ್ತರ: ನಿವೃತ್ತ ಸೈನಿಕ, ಮಡಿಕೇರಿ

ಮಾನ್ಯರೇ, ಪರದೇಶದಲ್ಲಿ ನಮ್ಮೂರಿನ ಜನ ಎದುರಾಗುವುದು ಒಂದು ಬಗೆ. ನಮ್ಮೂರಿನ ಹೆಸರೇ ಎದುರಾಗುವುದು ಇನ್ನೊಂದು ಬಗೆ. ನನಗೆ ಆದದ್ದು ಎರಡನೆಯದು.

ಮಗಳ ಒತ್ತಾಯಕ್ಕೆ ಸೈಪ್ರಸ್ ದ್ವೀಪಕ್ಕೆ ಹೋಗಿದ್ದೆ. ಲಾರ್ನಕಾ ಎಂಬ ಕಡಲತಡಿಯ ಊರಿನಲ್ಲಿ ಸಂಜೆ ನಡೆಯುತ್ತಿರುವಾಗ ರಸ್ತೆಯ ಫಲಕವೊಂದರಲ್ಲಿ ಜನರಲ್ ತಿಮ್ಮಯ್ಯನವರ ಹೆಸರನ್ನು ಕಂಡೆ. ಗ್ರೀಕ್ ಲಿಪಿಯಲ್ಲಿಯೂ ಅದರ ಕೆಳಗೆ ಇಂಗ್ಲಿಷಿನಲ್ಲಿಯೂ ಬರೆದಿತ್ತು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1957ರಿಂದ 1961ರವರೆಗೆ ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ನಿವೃತ್ತಿಯ ಅನಂತರ, 1964ರಲ್ಲಿ, ಸೈಪ್ರಸ್ಸಿನಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಕರ್ತವ್ಯದಲ್ಲಿದ್ದಾಗ ತೀರಿಕೊಂಡರು. ಇದನ್ನೆಲ್ಲ ನಾನು ಓದಿ ತಿಳಿದಿದ್ದೆ. ಆದರೂ ಆ ಬೀದಿಯಲ್ಲಿ ಆ ಹೆಸರನ್ನು ನಿರೀಕ್ಷಿಸದೆ ಕಂಡಾಗ ನನಗೆ ಅರಿವಿಲ್ಲದೆಯೇ ಕಾಲು ಜೋಡಿಸಿ ನಿಂತುಬಿಟ್ಟೆ.

ನಾನು ಫಲಕದ ಛಾಯಾಚಿತ್ರ ತೆಗೆಯುತ್ತಿರುವುದನ್ನು ನೋಡಿ ಎದುರಿನ ಅಂಗಡಿಯ ವೃದ್ಧರೊಬ್ಬರು ಹೊರಗೆ ಬಂದರು. ನಾನು ಆ ಜನರಲ್ ಅವರ ಊರಿನವನೆಂದು ಮಗಳು ಇಂಗ್ಲಿಷಿನಲ್ಲಿ ತಿಳಿಸಿದಾಗ ಅವರು ಒಳಗೆ ಹೋಗಿ ಒಂದು ಹಳೆಯ ಅಂಚೆಚೀಟಿ ಪುಸ್ತಕ ತಂದರು. ಅದರಲ್ಲಿ ಸೈಪ್ರಸ್ ಸರ್ಕಾರ 1966ರಲ್ಲಿ ತಿಮ್ಮಯ್ಯನವರ ನೆನಪಿಗೆ ಹೊರಡಿಸಿದ ಅಂಚೆಚೀಟಿ ಇತ್ತು. ಹುಡುಗನಾಗಿದ್ದಾಗ ತಂದೆ ಅಂಟಿಸಿಕೊಟ್ಟದ್ದು ಎಂದರು. ಜನರಲ್ ಅವರು ಬೆಳೆದ ‘ಸನ್ನಿ ಸೈಡ್’ ಮನೆ ಮಡಿಕೇರಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿದೆ, ಅದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಎಂದು ನಾನು ಹೇಳಿದೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮಗಳು ದುಭಾಷಿಯಾಗಿ ಬಳಲಿದಳು.

ಇದನ್ನು ನಾನು ಕಾಕತಾಳೀಯ ಎನ್ನಲಾರೆ. ನಮಗಿಂತ ಮುಂಚೆ ಒಬ್ಬರು ಅಲ್ಲಿಗೆ ಹೋಗಿ, ದುಡಿದು, ಪ್ರಾಣವನ್ನೂ ಅಲ್ಲಿಯೇ ಬಿಟ್ಟಿದ್ದರಿಂದ ಆ ಬೀದಿಯಲ್ಲಿ ನನಗೊಂದು ಪರಿಚಯ ಕಾದಿತ್ತು. ತಮ್ಮ ಪತ್ನಿಯವರು ಋಣಾನುಬಂಧ ಎಂಬ ಮಾತನ್ನು ಬಳಸಿದ್ದಾರೆ. ಹಿಂದಿನವರು ಕಟ್ಟಿದ ಋಣವನ್ನು ನಾವು ಉಣ್ಣುವುದು ಎಂಬ ಅರ್ಥದಲ್ಲಿ ಆ ಮಾತು ನನಗೆ ಒಪ್ಪಿಗೆ.

ಉತ್ತರ: ಗಣಿತ ಅಧ್ಯಾಪಕ, ಗೋಣಿಕೊಪ್ಪಲು

ಬೆಳೆಗಾರರು “ಇಂತಹದು ನಾವು ತಿಳಿದುಕೊಂಡಷ್ಟು ಅಪರೂಪವೇ?” ಎಂದು ಕೇಳಿದ್ದಾರೆ. ನಾನು ಆ ಒಂದು ಪ್ರಶ್ನೆಗೆ ಮಾತ್ರ ಉತ್ತರಿಸಲು ಯತ್ನಿಸುತ್ತೇನೆ. ಲೆಕ್ಕ ಹಾಕಿದರೆ ಅನುಭವದ ಬೆಲೆ ಕಡಿಮೆಯಾಗುತ್ತದೆ ಎಂಬ ಅಳುಕು ಯಾರಿಗೂ ಬೇಡ.

ತರಗತಿಯಲ್ಲಿ ನಾನು ಪ್ರತಿ ವರ್ಷ ಮಕ್ಕಳಿಗೆ ಹುಟ್ಟುಹಬ್ಬದ ಲೆಕ್ಕ ಹೇಳುತ್ತೇನೆ. ಒಂದು ಕೋಣೆಯಲ್ಲಿ 23 ಮಂದಿ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಶೇಕಡ 50.7. ಮಕ್ಕಳು ಇದನ್ನು ನಂಬುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ “ನನ್ನ ಹುಟ್ಟುಹಬ್ಬಕ್ಕೆ ಯಾರದು ಹೊಂದುತ್ತದೆ?” ಎಂದೇ ಯೋಚಿಸುತ್ತಾರೆ. ಅದು ಬೇರೆಯೇ ಪ್ರಶ್ನೆ. ನನ್ನದೇ ಹುಟ್ಟುಹಬ್ಬ ಇನ್ನೊಬ್ಬರಿಗೆ ಇರುವ ಸಂಭವ ಅರ್ಧವಾಗಬೇಕಾದರೆ 253 ಮಂದಿ ಬೇಕು. 23 ಮಂದಿಯಲ್ಲಿ ಇಬ್ಬಿಬ್ಬರ ಜೋಡಿಗಳನ್ನು ಎಣಿಸಿದರೂ ಸಿಗುವ ಸಂಖ್ಯೆ ಸರಿಯಾಗಿ 253. ಹುಡುಗರು ಇದನ್ನು ತಾವೇ ಕಂಡುಕೊಂಡ ದಿನ ತರಗತಿಯಲ್ಲಿ ಬೇರೆ ಪಾಠ ನಡೆಯುವುದಿಲ್ಲ.

ಪ್ರಯಾಣದ ಆಕಸ್ಮಿಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. “ಆ ದಿನ, ಆ ಅಂಗಡಿಯಲ್ಲಿ, ಆ ಮಹಿಳೆಯೇ ಸಿಗುವ ಸಂಭವ ಎಷ್ಟು?” ಎಂದು ಕೇಳಿದರೆ ಉತ್ತರ ಬಹುತೇಕ ಸೊನ್ನೆ. “ಕೊಡಗಿನಿಂದ ಹೊರದೇಶಕ್ಕೆ ಹೋಗುವ ಯಾರಿಗಾದರೂ, ಯಾವುದಾದರೊಂದು ಊರಿನಲ್ಲಿ, ಯಾವುದಾದರೊಂದು ಬಗೆಯ ಸಂಬಂಧವಿರುವವರು ಸಿಗುವ ಸಂಭವ ಎಷ್ಟು?” ಎಂದು ಕೇಳಿದರೆ ಉತ್ತರ ತಲೆಕೆಳಗಾಗುತ್ತದೆ. ಪರ್ಸಿ ಡಯಾಕೊನಿಸ್ ಮತ್ತು ಫ್ರೆಡೆರಿಕ್ ಮೊಸ್ಟೆಲರ್ ಎಂಬ ಗಣಿತಜ್ಞರು 1989ರಲ್ಲಿ ಈ ವಿಷಯವಾಗಿ ಬರೆದ ಪ್ರಬಂಧದ ತಿರುಳು ಇದು: ಅವಕಾಶಗಳ ರಾಶಿ ಸಾಕಷ್ಟು ದೊಡ್ಡದಾಗಿದ್ದರೆ ಎಂತಹ ವಿಚಿತ್ರ ಘಟನೆಯೂ ಎಲ್ಲಿಯೋ ಒಂದು ಕಡೆ ನಡೆದೇ ತೀರುತ್ತದೆ. ನಡೆದ ಮೇಲೆ ನಾವು ಅದನ್ನು ಹೇಳಿಕೊಳ್ಳುತ್ತೇವೆ. ವಿಮಾನದಲ್ಲಿ ಪಕ್ಕದಲ್ಲೇ ಕುಳಿತು ಹತ್ತು ಗಂಟೆ ಮಾತನಾಡದೆ ಇಳಿದು ಹೋದ ನಮ್ಮೂರಿನವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈಗ ಕೊಡಗಿನ ವಿಶೇಷಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆ 5,54,519. ಒಬ್ಬ ಮನುಷ್ಯನಿಗೆ ಮುಖಪರಿಚಯದ 500 ಮಂದಿ ಇದ್ದಾರೆಂದೂ, ಅವರಲ್ಲಿ ಪ್ರತಿಯೊಬ್ಬರಿಗೂ ಅಷ್ಟೇ ಮಂದಿ ಇದ್ದಾರೆಂದೂ ಇಟ್ಟುಕೊಂಡರೆ ಎರಡನೆಯ ಸುತ್ತಿಗೆ 2,50,000 ಆಗುತ್ತದೆ. ಒಬ್ಬರೇ ಹಲವರಿಗೆ ಪರಿಚಿತರಾಗಿರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ. ಆದರೂ ಎರಡು ಮೂರು ಹೆಜ್ಜೆಗಳಲ್ಲಿ ಜಿಲ್ಲೆಯ ಬಹುಪಾಲು ಜನರನ್ನು ಮುಟ್ಟಬಹುದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹೀಗಾಗಿ, ಪರದೇಶದಲ್ಲಿ ಕೊಡಗಿನ ಇಬ್ಬರು ಎದುರಾಗಿ ಹತ್ತು ನಿಮಿಷ ಮಾತನಾಡಿದ ಮೇಲೂ ನಡುವೆ ಒಂದು ಪರಿಚಯದ ಎಳೆ ಸಿಗದಿದ್ದರೆ ಆಗ ಆಶ್ಚರ್ಯಪಡಬೇಕು. ಒಕ್ಕಗಳ (ಕೊಡವ ಮನೆತನಗಳ) ಹೆಸರು, ಕೌಟುಂಬಿಕ ಹಾಕಿ ಪಂದ್ಯಗಳು, ಸೇನೆಯ ರೆಜಿಮೆಂಟುಗಳು, ಬೋರ್ಡಿಂಗ್ ಶಾಲೆಗಳು, ಕಾಫಿ ಮಂಡಳಿಯ ಕಚೇರಿಗಳು ಎಲ್ಲವೂ ಈ ಎಳೆಗಳನ್ನು ನೇಯುವ ಮಗ್ಗಗಳೇ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳಿಂದ ಆರಂಭವಾದ ಹಾಕಿ ಹಬ್ಬಕ್ಕೆ ಈಗ ಮುನ್ನೂರಕ್ಕೂ ಹೆಚ್ಚು ತಂಡಗಳು ಬರುತ್ತವೆ. ಆ ಮೈದಾನದ ಬದಿಯಲ್ಲಿ ಒಂದು ವಾರ ಕುಳಿತವನಿಗೆ ಎಷ್ಟು ಮುಖಗಳು ಪರಿಚಯವಾಗುತ್ತವೆ ಎಂಬುದನ್ನು ಯೋಚಿಸಿ.

ಜಗತ್ತು ಚಿಕ್ಕದೆಂಬ ಮಾತನ್ನು ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್ಗ್ರಾಮ್. ಅವರೂ ಜೆಫ್ರಿ ಟ್ರಾವರ್ಸ್ ಅವರೂ 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 296 ಮಂದಿಗೆ ಪತ್ರದ ಕಟ್ಟೊಂದನ್ನು ಕೊಟ್ಟು, ಬಾಸ್ಟನ್ ನಗರದ ಒಬ್ಬ ಅಪರಿಚಿತ ವ್ಯಕ್ತಿಗೆ ಅದನ್ನು ಪರಿಚಿತರ ಕೈಯಿಂದ ಕೈಗೆ ದಾಟಿಸಿ ತಲುಪಿಸುವಂತೆ ಕೇಳಲಾಗಿತ್ತು. ತಲುಪಿದವು 64. ತಲುಪಿದವುಗಳಿಗೆ ನಡುವೆ ಬೇಕಾದವರು ಸರಾಸರಿ ಐದು ಮಂದಿಗಿಂತ ತುಸು ಹೆಚ್ಚು. ಎಲ್ಲರೂ ಈ ಐದನ್ನು ನೆನಪಿಟ್ಟುಕೊಂಡು, ತಲುಪದೆ ನಿಂತುಹೋದ 232 ಪತ್ರಗಳನ್ನು ಮರೆತಿದ್ದಾರೆ. ಎಳೆ ಇರುವುದು ಒಂದು ವಿಷಯ, ಆ ಎಳೆಯನ್ನು ಹಿಡಿದು ಎಳೆಯುವುದು ಇನ್ನೊಂದು. ಮುಂದೆ 1998ರಲ್ಲಿ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೊಗಾಟ್ಸ್ ಅವರು, ಒತ್ತಾಗಿ ಹೆಣೆದುಕೊಂಡ ಗುಂಪುಗಳ ನಡುವೆ ದೂರದ ಕೆಲವೇ ಕೊಂಡಿಗಳು ಬಿದ್ದರೂ ಇಡೀ ಜಾಲ ಚಿಕ್ಕದಾಗಿಬಿಡುತ್ತದೆ ಎಂದು ಗಣಿತದಿಂದ ತೋರಿಸಿದರು. ಟೊರಾಂಟೊದಲ್ಲಿರುವ ನಮ್ಮ ದಾದಿ ಅಂತಹ ಒಂದು ಕೊಂಡಿ. ಸೈನಿಕರ ಮಗಳು ಇನ್ನೊಂದು.

ತ್ರಿಯೆಸ್ತೆಯ ಭೇಟಿಯನ್ನೂ ಹೀಗೆ ಬಿಡಿಸಿ ನೋಡಬಹುದು. ಕಾಫಿ ಬೆಳೆಗಾರ ಕಾಫಿಯ ಬಂದರಿಗೆ ಹೋದದ್ದು ಆಕಸ್ಮಿಕವಲ್ಲ. ಭಾರತದ ಭೌತವಿಜ್ಞಾನಿಗಳು ಹಲವು ದಶಕಗಳಿಂದ ಹೋಗಿ ಬರುತ್ತಿರುವ ಸಂಸ್ಥೆಗೆ ಆ ಸಂಶೋಧಕಿ ಹೋದದ್ದೂ ಆಕಸ್ಮಿಕವಲ್ಲ. ಇಬ್ಬರೂ ಕಾಫಿ ಅಂಗಡಿಗೆ ಬಂದದ್ದಂತೂ ಕೊಡಗಿನವರ ಸಹಜ ನಡೆ. ಉಳಿಯುವುದು ಆ ಒಂದು ಗಳಿಗೆ ಮತ್ತು ಆ ಒಂದು ಜುಲೈ ರಾತ್ರಿ. ಅಷ್ಟನ್ನು ನನ್ನ ಲೆಕ್ಕ ವಿವರಿಸಲಾರದು. ಅದನ್ನು ನಾನು ಬೆರಗಿನಿಂದಲೇ ಓದಿದೆ.

ಉತ್ತರ: ವಿರಾಜಪೇಟೆಯವಳು, ಈಗ ಲಂಡನ್

ಇಂತಹ ಭೇಟಿಗಳು ಪೂರ್ತಿ ಆಕಸ್ಮಿಕವಲ್ಲ ಎಂಬ ಅಧ್ಯಾಪಕರ ಮಾತಿಗೆ ಒಂದು ಸಣ್ಣ ಪುಷ್ಟಿ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. 1852ರಲ್ಲಿ ತಂದೆಯ ಜೊತೆ ಈ ದೇಶಕ್ಕೆ ಬಂದ ಆ ಹುಡುಗಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನಿಟ್ಟಳು. 1864ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿಯೇ, ಆಕೆ ತೀರಿಕೊಂಡಳು. ತಂದೆಯ ಸಮಾಧಿ ಇದೇ ನಗರದ ಕೆನ್ಸಲ್ ಗ್ರೀನ್‌ನಲ್ಲಿ ಬೇರೆಯಾಗಿ ಇದೆ.

ನಾನು ಮೊದಲ ಸಲ ಗೌರಮ್ಮನ ಸಮಾಧಿ ಹುಡುಕಿಕೊಂಡು ಹೋದ ದಿನ ಅಲ್ಲಿ ಮೂರ್ನಾಡಿನ ಒಂದು ಕುಟುಂಬ ಹೂವು ಹಿಡಿದು ನಿಂತಿತ್ತು. ಆಗ ನನಗೆ ಅದು ಪವಾಡವೆನಿಸಿತ್ತು. ಈಗ ಯೋಚಿಸಿದರೆ, ಅಷ್ಟು ದೊಡ್ಡ ಸ್ಮಶಾನದಲ್ಲಿ ಕೊಡಗಿನವರು ಹುಡುಕಿಕೊಂಡು ಬರುವ ಕಲ್ಲು ಅದೊಂದೇ. ಹೊರಗೆ ಬಂದು ಅವರ ಹೋಟೆಲಿನ ಕೋಣೆಯಲ್ಲಿ ಅವರು ಊರಿನಿಂದ ತಂದಿದ್ದ ಕಡಂಬುಟ್ಟನ್ನು (ಅಕ್ಕಿತರಿಯ ಕಡುಬು) ಹಂಚಿಕೊಂಡು ತಿಂದೆವು.

ಉತ್ತರ: ಸಿದ್ದಾಪುರದ ಕಡೆಯವಳು, ಈಗ ಮಸ್ಕತ್

ಎಲ್ಲರ ಅನುಭವಗಳನ್ನೂ ಸಂತೋಷದಿಂದ ಓದಿದೆ. ಒಂದು ಮಾತನ್ನು ಮಾತ್ರ ಯಾರೂ ಹೇಳದೆ ಉಳಿದಿರುವುದರಿಂದ ಬರೆಯುತ್ತಿದ್ದೇನೆ. ಬೆಳೆಗಾರರು “ಯಾವ ಮನೆಯವರು?” ಎಂದು ಕೇಳಿದಾಗ ಆ ಮಹಿಳೆ ಒಂದು ಕ್ಷಣ ಸುಮ್ಮನಿದ್ದರು ಎಂದು ಬರೆದಿದ್ದಾರೆ. ಆ ಒಂದು ಕ್ಷಣ ಎಷ್ಟು ಉದ್ದವೆಂಬುದು ನನಗೆ ಗೊತ್ತು.

ನಾನು ತೋಟದ ಕೂಲಿಯಾಳುಗಳ ಸಾಲುಮನೆಯಾದ ಲೈನ್ ಮನೆಯಲ್ಲಿ ಹುಟ್ಟಿದವಳು. ತಾಯಿ ಹಣ್ಣು ಕೊಯ್ಯುತ್ತಿದ್ದರು, ತಂದೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡುತ್ತಿದ್ದರು. ನಮಗೆ ಹೇಳಿಕೊಳ್ಳಲು ಹಿರಿಯರ ಮೂಲಮನೆಯಾದ ಐನ್‌ಮನೆ ಇಲ್ಲ, ಮನೆತನದ ಹೆಸರಿಲ್ಲ. ಓದಿ, ಲೆಕ್ಕಪತ್ರದ ಕೆಲಸ ಹಿಡಿದು ಇಲ್ಲಿಗೆ ಬಂದ ಮೇಲೆ, ಒಂದು ಸಮಾರಂಭದಲ್ಲಿ ಕೊಡಗಿನವರೊಬ್ಬರು ಬಹಳ ಅಕ್ಕರೆಯಿಂದ ಮಾತನಾಡಿಸಿ ಇದೇ ಪ್ರಶ್ನೆ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು “ಓ, ಹೌದಾ” ಎಂದರು. ಆಮೇಲೆ ಮಾತು ಮುಂದುವರಿಯಲಿಲ್ಲ. ಊಟದ ಹೊತ್ತಿಗೆ ಅವರು ಬೇರೆ ಮೇಜಿನಲ್ಲಿದ್ದರು. ಅಂದಿನಿಂದ ಹೊರದೇಶದಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೂ ನಾನು ತಿರುಗಿ ನೋಡುತ್ತಿರಲಿಲ್ಲ. ಅಧ್ಯಾಪಕರು ಹೇಳಿದ, ತಲುಪದೆ ನಿಂತುಹೋದ ಪತ್ರಗಳಲ್ಲಿ ಕೆಲವನ್ನು ನಾನೇ ತಡೆದಿಟ್ಟಿದ್ದೇನೆ.

ಅದು ಬದಲಾದದ್ದು ಮಸ್ಕತ್ತಿನ ಮತ್ರಾ ಬಜಾರಿನಲ್ಲಿ. ಸಾಂಬ್ರಾಣಿ ಮಾರುವ ಅಂಗಡಿಗಳ ನಡುವೆ ಒಂದು ಮಸಾಲೆ ಅಂಗಡಿಯಲ್ಲಿ ಕಾಳುಮೆಣಸನ್ನು ಅಂಗೈಯಲ್ಲಿ ಉಜ್ಜಿ ಮೂಸುತ್ತಿದ್ದೆ. ಅದು ನಮ್ಮ ತಾಯಿಯ ಅಭ್ಯಾಸ. ಅಂಗಡಿಯಲ್ಲಿದ್ದ ವಯಸ್ಸಾದ ಕಾಕ ಅದನ್ನು ಗಮನಿಸಿ, “ಯಾವ ಕಡೆ?” ಎಂದು ಕನ್ನಡದಲ್ಲಿ ಕೇಳಿದರು. ಸಿದ್ದಾಪುರ ಎಂದೆ. “ಯಾವ ತೋಟ?” ಎಂದರು. ಹೇಳಿದೆ. ಅವರು ಗಲ್ಫಿಗೆ ಬರುವ ಮೊದಲು ವರ್ಷ ವರ್ಷವೂ ಅದೇ ತೋಟಕ್ಕೆ ಮೆಣಸು ಕೊಯ್ಲಿನ ಗುತ್ತಿಗೆ ಹಿಡಿದು ಬರುತ್ತಿದ್ದರಂತೆ. ನಮ್ಮ ಲೈನಿನ ಮುಂದಿನ ನೀರಿನ ತೊಟ್ಟಿ, ಅದರ ಪಕ್ಕದ ಹಲಸಿನ ಮರ, ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ನನ್ನ ಚಿಕ್ಕಪ್ಪ, ಎಲ್ಲವೂ ಅವರಿಗೆ ನೆನಪಿತ್ತು. ಆ ದಿನ ಕಾಕ ಮೆಣಸಿಗೆ ಹಣ ತೆಗೆದುಕೊಳ್ಳಲಿಲ್ಲ.

ಮನೆತನ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ನಿಮ್ಮ ಹಿರಿಯರಿಂದ ಬಂದ ಪ್ರೀತಿಯ ರೂಢಿ ಎಂಬುದನ್ನು ಬಲ್ಲೆ. “ಯಾವ ಕಡೆ?” ಎಂದು ಕೇಳಿದರೆ ಎಲ್ಲರಿಗೂ ಉತ್ತರವಿರುತ್ತದೆ. ಮೊದಲು ಅದನ್ನು ಕೇಳಿ ಎಂದಷ್ಟೇ ನನ್ನ ಕೋರಿಕೆ.

ಮರುಉತ್ತರ: ಚೇರಂಬಾಣೆಯ ಬೆಳೆಗಾರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಸಿದ್ದಾಪುರದ ತಂಗಿಯ ಮಾತನ್ನು ಓದಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಆ ಸಂಶೋಧಕಿಗೆ ಫೋನು ಮಾಡಿದ್ದು. ಅಂದು ಅವರಿಗೆ ಕಸಿವಿಸಿಯಾಗಿತ್ತೇ ಎಂದು ನೇರವಾಗಿಯೇ ಕೇಳಿದೆ. “ಆಗಿತ್ತು” ಎಂದರು. “ತಂದೆ ರೈಟರ್ ಎಂದು ಹೇಳುವುದೋ, ಸುಮ್ಮನೆ ಮೈಸೂರಿನವಳು ಎಂದುಬಿಡುವುದೋ ಎಂದು ಯೋಚಿಸಿದೆ” ಎಂದೂ ಹೇಳಿದರು. ಮೈಸೂರು ಎಂದು ಅವರು ಹೇಳಿಬಿಟ್ಟಿದ್ದರೆ ನಾವು ಕಾಫಿ ಕುಡಿದು ಎದ್ದು ಹೋಗುತ್ತಿದ್ದೆವು, ಅಮ್ಮನ ಕತೆ ಅರ್ಧವಾಗಿಯೇ ಉಳಿಯುತ್ತಿತ್ತು. ಈ ವಿಚಾರ ನನ್ನನ್ನು ಎರಡು ದಿನ ನಿದ್ದೆಗೆಡಿಸಿತು. ಕಾಕತಾಳೀಯವೋ ಋಣವೋ ಎಂದು ಇಷ್ಟು ಉದ್ದಕ್ಕೆ ಕೇಳಿದ ನಾನು, ನನ್ನ ಬಾಯಿಂದ ಬಂದ ಒಂದು ಪ್ರಶ್ನೆಯೇ ಆ ಎಳೆಯನ್ನು ಕಡಿಯುವುದರಲ್ಲಿತ್ತು ಎಂಬುದನ್ನು ನೋಡಿರಲಿಲ್ಲ. ತಂಗಿಗೆ ನಾನು ಋಣಿ.

ಇನ್ನೊಂದು ಸಂಗತಿ. ಆ ರೈಟರ್ ಈಗ ಪಿರಿಯಾಪಟ್ಟಣದಲ್ಲಿ ಮಗನ ಮನೆಯಲ್ಲಿದ್ದಾರೆ. ಕಳೆದ ಭಾನುವಾರ ಅಮ್ಮನನ್ನೂ ನನ್ನ ತಂಗಿಯನ್ನೂ ಕರೆದುಕೊಂಡು ಹೋಗಿದ್ದೆ. ಅಡ್ಡ ಬಿದ್ದದ್ದು ಹಲಸಿನ ಮರ ಎಂದು ಅಮ್ಮ ಇಷ್ಟು ವರ್ಷ ಹೇಳುತ್ತಿದ್ದರು. ಸಿಲ್ವರ್ ಓಕ್ ಮರವೆಂದು ತಮ್ಮ ತಂದೆ ಹೇಳುತ್ತಿದ್ದರೆಂದು ಸಂಶೋಧಕಿ ಹೇಳಿದ್ದರು. ಹಿರಿಯರನ್ನು ಕೇಳಿದಾಗ, ಬಿದ್ದದ್ದು ಎರಡು ಮರಗಳೆಂದು ತಿಳಿಯಿತು. ಹಲಸು ತೋಟದ ಗೇಟಿನ ಹತ್ತಿರವೇ ಬಿದ್ದಿತ್ತು. ಅದನ್ನು ಡ್ರೈವರ್ ಮತ್ತು ಅವರು ಸೇರಿ ಎಳೆದು ಹಾಕಿದರು. ಸಿಲ್ವರ್ ಬಿದ್ದದ್ದು ಬೆಟ್ಟಗೇರಿ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಅಮ್ಮನಿಗೆ ಎಚ್ಚರ ತಪ್ಪಿತ್ತು. ಅದನ್ನು ಕೊಯ್ದು ಸರಿಸಲು ಒಂದು ಗಂಟೆಗೂ ಹೆಚ್ಚು ಹಿಡಿಯಿತಂತೆ, ಮತ್ತು ಆ ಮಳೆಯಲ್ಲಿ ನೆನೆದು ಅವರು ಎಂಟು ದಿನ ಜ್ವರದಿಂದ ಮಲಗಿದ್ದರಂತೆ. ಇದು ಯಾವುದೂ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅಮ್ಮ ಹೇಳಬೇಕೆಂದು ಮೂವತ್ತು ವರ್ಷ ಇಟ್ಟುಕೊಂಡಿದ್ದ ಮಾತನ್ನು ಅಲ್ಲಿ ಹೇಳಲಿಲ್ಲ. ಜ್ವರಕ್ಕೆ ಏನು ಔಷಧಿ ತೆಗೆದುಕೊಂಡಿರಿ, ಆಗ ಮನೆಯಲ್ಲಿ ಯಾರು ನೋಡಿಕೊಂಡರು ಎಂದು ನಿನ್ನೆ ನಡೆದದ್ದರ ಹಾಗೆ ವಿಚಾರಿಸುತ್ತಾ ಕುಳಿತರು. ಹಿರಿಯರು ಮಾತ್ರ ನನ್ನ ತಂಗಿಯ ಮುಖವನ್ನೇ ನೋಡುತ್ತಿದ್ದರು. ಹೊರಡುವಾಗ, “ಹುಟ್ಟಿದಾಗ ತೂಕ ಎಷ್ಟಿತ್ತು?” ಎಂದು ಅವಳನ್ನೇ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು: ಎರಡೂಮುಕ್ಕಾಲು ಕಿಲೋ.